ಶೂಟಿಂಗ್ ರೇಂಜಿನಲ್ಲಿ ಸೀಸದ ಧೂಳು: ಅಳೆಯುವುದು ಹೇಗೆ, ತಡೆಯುವುದು ಹೇಗೆ?

(ನಮ್ಮ ಕನ್ನಡ ಸಂಘದ ಸಂಸ್ಥಾಪನಾ ದಿನೋತ್ಸವದ ಅಂಗವಾಗಿ ನಡೆದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆರೋಗ್ಯ ಗೋಷ್ಠಿ ಎಂದೊಡನೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಕೊಲೆಸ್ಟರಾಲ್ ಇವುಗಳ ಮಾತು ಬರುವುದು ವಾಡಿಕೆ. ಅನ್ನ ಕಡಿಮೆ ಮಾಡಿ ಎಂದು ವೈದ್ಯರಾದ ನಾವು ಹೇಳುತ್ತೇವೆ, ತಾವು ತಲೆಯಾಡಿಸುತ್ತೀರಿ, ಆಮೇಲೆ ಎಲ್ಲರೂ ಕೂಡಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಲ್ಲುತ್ತೇವೆ. ಈ ಸಲ ಆ ಪುರಾಣವನ್ನು ಬದಿಗಿಟ್ಟು, ಈ ವೇದಿಕೆಯಲ್ಲಿ ಯಾರೂ ಎತ್ತದ ಒಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಅದು ಒಳಾಂಗಣ ಶೂಟಿಂಗ್ ರೇಂಜುಗಳಲ್ಲಿ ಜನರ ಮೈ ಸೇರುವ ಸೀಸ.

ಕನ್ನಡ ಸಂಘಕ್ಕೂ ಶೂಟಿಂಗ್ ರೇಂಜಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಇದೆ. ನಮ್ಮ ಮಕ್ಕಳು ಈ ಅಮೆರಿಕದಲ್ಲಿ ಬೆಳೆಯುತ್ತಿದ್ದಾರೆ. ಸ್ಕೌಟ್ಸ್ ಸೇರಿದ ಹುಡುಗ ರೈಫಲ್ ಬ್ಯಾಡ್ಜಿಗಾಗಿ ಅಭ್ಯಾಸಕ್ಕೆ ಹೋಗುತ್ತಾನೆ. ಕಾಲೇಜಿನ ಹುಡುಗಿ ಶೂಟಿಂಗ್ ತಂಡಕ್ಕೆ ಸೇರುತ್ತಾಳೆ. ಆಫೀಸಿನ ಗೆಳೆಯರು ಶುಕ್ರವಾರ ಸಂಜೆ ಬೌಲಿಂಗ್ ಬದಲು ರೇಂಜಿಗೆ ಹೋಗೋಣ ಎನ್ನುತ್ತಾರೆ. ಪೊಲೀಸ್ ಇಲಾಖೆ, ಸೈನ್ಯ, ಸೆಕ್ಯುರಿಟಿ ಕೆಲಸ ಹಿಡಿದ ನಮ್ಮ ತರುಣರಿಗಂತೂ ಅದು ಕರ್ತವ್ಯವೇ. ಬಂದೂಕು ಇರಬೇಕೋ ಬೇಡವೋ ಎಂಬ ಚರ್ಚೆ ಇವತ್ತಿನದಲ್ಲ. ಇಬ್ಬರು ಕನ್ನಡಿಗರು ಸೇರಿದರೆ ಮೂರು ಅಭಿಪ್ರಾಯ ಬರುವ ವಿಷಯ ಅದು. ಹೋಗುವವರು ಹೋಗಿಯೇ ಹೋಗುತ್ತಾರೆ. ಅವರು ಮನೆಗೆ ವಾಪಸು ಬರುವಾಗ ಏನು ಹೊತ್ತು ತರುತ್ತಾರೆ ಎಂಬುದಷ್ಟೇ ನಮ್ಮ ಪ್ರಶ್ನೆ.

ನಮ್ಮ ಕೊಡಗಿನ ಕುಟುಂಬಗಳಿಗೆ ಕೋವಿ ಹೊಸದಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ಅವರು ಬಲ್ಲರು. ಆದರೆ ಅದು ಬಯಲಿನಲ್ಲಿ ನಡೆಯುವಂಥದು. ವರ್ಷಕ್ಕೊಮ್ಮೆ ನಾಲ್ಕಾರು ಗುಂಡು, ಹೊಗೆ ಗಾಳಿಯ ಪಾಲು. ಬಯಲಿನಲ್ಲಿ ಅಪಾಯ ಇಲ್ಲವೇ ಇಲ್ಲ ಎಂದಲ್ಲ, ಕಡಿಮೆ ಅಷ್ಟೆ. ಇಲ್ಲಿಯದು ನಾಲ್ಕು ಗೋಡೆ, ಒಂದು ಸೂರು, ಚಳಿಗಾಲದಲ್ಲಿ ಮುಚ್ಚಿದ ಬಾಗಿಲು, ದಿನವಿಡೀ ಹಾರುವ ಸಾವಿರಾರು ಗುಂಡು. ಹೊಗೆಗೆ ಹೋಗಲು ದಾರಿ ಮಾಡಿಕೊಡದಿದ್ದರೆ ಅದು ನೆಲಕ್ಕೆ, ಬಟ್ಟೆಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಸೀಸ ಎಲ್ಲಿಂದ ಬರುತ್ತದೆ?

ಸೀಸ ಎಂದರೆ ನಮ್ಮಲ್ಲಿ ಹಲವರಿಗೆ ಶಾಲೆಯ ಸೀಸದ ಕಡ್ಡಿ ನೆನಪಾಗುತ್ತದೆ. ಪಾಪ, ಆ ಕಡ್ಡಿ ನಿರಪರಾಧಿ. ಅದರಲ್ಲಿರುವುದು ಗ್ರಾಫೈಟ್, ಅಂದರೆ ಇಂಗಾಲ. ಬಂದೂಕಿನ ಗುಂಡಿನಲ್ಲಿರುವುದು ನಿಜವಾದ ಸೀಸ. ಸಾಮಾನ್ಯವಾಗಿ ಬಳಸುವ 9 ಮಿಲಿಮೀಟರ್ ಪಿಸ್ತೂಲಿನ ಗುಂಡು ಸುಮಾರು ಏಳೂವರೆ ಗ್ರಾಂ ತೂಗುತ್ತದೆ. ಅದರ ಬಹುಪಾಲು ಸೀಸ, ಮೇಲೊಂದು ತೆಳು ತಾಮ್ರದ ಹೊದಿಕೆ. ಮಕ್ಕಳಿಗೆ ಕಲಿಸಲು ಬಳಸುವ ಪಾಯಿಂಟ್ 22 ರೈಫಲಿನ ಗುಂಡಿಗೆ ಎಷ್ಟೋ ಸಲ ಆ ಹೊದಿಕೆಯೂ ಇರುವುದಿಲ್ಲ.

ಗುಂಡು ಹಾರುವಾಗ ಸೀಸ ಮೂರು ಕಡೆ ಗಾಳಿಗೆ ಸೇರುತ್ತದೆ. ಮೊದಲನೆಯದು, ತೋಟಾದ ಹಿಂಭಾಗದಲ್ಲಿರುವ ಪ್ರೈಮರ್. ಟ್ರಿಗರ್ ಎಳೆದಾಗ ಮೊದಲು ಸಿಡಿಯುವುದು ಇದೇ. ಇದರಲ್ಲಿ ಸಾಮಾನ್ಯವಾಗಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ ಇರುತ್ತದೆ. ಸಿಡಿದ ಕ್ಷಣವೇ ಅದು ಹೊಗೆಯಾಗಿ ಹೊಡೆಯುವವನ ಮುಖದ ಬಳಿಯೇ ಹೊರಬರುತ್ತದೆ. ಎರಡನೆಯದು, ಗುಂಡಿನ ತಳ ಮತ್ತು ಮೈ. ಹೊದಿಕೆ ಇರುವ ಗುಂಡಿನಲ್ಲೂ ತಳ ತೆರೆದಿರುವುದುಂಟು. ಕುದಿಯುವ ಅನಿಲ ಆ ತಳವನ್ನು ತಾಗಿ ಸೀಸವನ್ನು ಆವಿಯಾಗಿಸುತ್ತದೆ, ನಳಿಗೆಯ ಉಜ್ಜಾಟ ಇನ್ನಷ್ಟು ಪುಡಿ ಮಾಡುತ್ತದೆ. ಮೂರನೆಯದು, ಕೊನೆಯ ಗೋಡೆ. ಗುಂಡು ಅಲ್ಲಿನ ಉಕ್ಕಿನ ತಡೆಗೆ ಬಡಿದು ಚೂರುಚೂರಾಗಿ ಧೂಳೇಳುತ್ತದೆ. ಇಷ್ಟಾದ ಮೇಲೆ ರಾತ್ರಿ ಯಾರೋ ಪೊರಕೆ ಹಿಡಿದು ಗುಡಿಸಿದರೆ, ಅಲ್ಲಿಯವರೆಗೆ ಕೆಳಗೆ ಕೂತಿದ್ದ ಧೂಳೆಲ್ಲ ಮತ್ತೆ ಮೇಲೆದ್ದು ಗುಡಿಸುವವನ ಮೂಗಿಗೇ ಬರುತ್ತದೆ.

ರೇಂಜಿಗೆ ಹೋದವರಿಗೆ ಮುಂಬಾಗಿಲಲ್ಲಿ ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಕೊಡುತ್ತಾರೆ. ಅದು ಬಹಳ ಸರಿಯಾದ ಕ್ರಮ. ಆದರೆ ಕೈಗೆ, ಬಾಯಿಗೆ, ಬೂಟಿಗೆ ಏನು ಮಾಡಬೇಕು ಎಂದು ಹೇಳುವವರು ಕಡಿಮೆ. ಸೀಸಕ್ಕೆ ಸದ್ದಿಲ್ಲ, ವಾಸನೆಯಿಲ್ಲ. ಕಿವಿ ನೊಂದರೆ ಆಗಲೇ ತಿಳಿಯುತ್ತದೆ, ಸೀಸ ಸೇರಿದರೆ ತಿಂಗಳುಗಳಾದರೂ ತಿಳಿಯುವುದಿಲ್ಲ.

ಮೈಯಲ್ಲಿ ಅದು ಮಾಡುವ ಕೆಲಸ

ಸೀಸ ಮೈಗೆ ಸೇರುವುದು ಮುಖ್ಯವಾಗಿ ಎರಡು ದಾರಿಯಲ್ಲಿ: ಉಸಿರಿನಿಂದ ಮತ್ತು ಬಾಯಿಯಿಂದ. ಹೊಗೆಯ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದರೆ ಬಹುಪಾಲು ರಕ್ತಕ್ಕೆ ಸೇರಿಬಿಡುತ್ತವೆ. ಕೈಗೆ ಅಂಟಿದ ಧೂಳು ಚಿಪ್ಸ್ ಪೊಟ್ಟಣದ ಮೂಲಕವೋ, ಸಿಗರೇಟಿನ ಮೂಲಕವೋ ಹೊಟ್ಟೆ ಸೇರುತ್ತದೆ. ದೊಡ್ಡವರ ಕರುಳು ಅದರಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು ಹೀರಿಕೊಂಡರೆ, ಚಿಕ್ಕ ಮಕ್ಕಳ ಕರುಳು ಹತ್ತಿರ ಹತ್ತಿರ ಅರ್ಧದಷ್ಟನ್ನು ಹೀರಿಕೊಳ್ಳುತ್ತದೆ. ಹಸಿದ ಹೊಟ್ಟೆಯಲ್ಲಿ, ಕಬ್ಬಿಣ ಮತ್ತು ಸುಣ್ಣದಂಶ ಕಡಿಮೆ ಇರುವ ಮೈಯಲ್ಲಿ ಇದು ಇನ್ನೂ ಹೆಚ್ಚು.

ಸೀಸ ವೇಷ ಹಾಕುವುದರಲ್ಲಿ ನಿಪುಣ. ಮೈ ಅದನ್ನು ಕ್ಯಾಲ್ಸಿಯಂ ಎಂದು ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಸೇರಿದ್ದು ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕು. ಆದರೆ ಮೂಳೆಗೆ ಹೋಗಿ ಕೂತದ್ದು ದಶಕಗಟ್ಟಲೆ ಅಲ್ಲೇ ಇರುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದ ಶೇಕಡ 90ಕ್ಕೂ ಹೆಚ್ಚು ಭಾಗ ಮೂಳೆಯಲ್ಲೇ ಇದೆ. ಒಂದು ರೀತಿಯಲ್ಲಿ ಇದು ಬ್ಯಾಂಕಿನ ಠೇವಣಿ ಇದ್ದಂತೆ, ಆದರೆ ನಮಗೆ ಬೇಡವಾದಾಗ ವಾಪಸು ಬರುವ ಠೇವಣಿ. ಗರ್ಭಿಣಿಯ ಮೂಳೆಯಿಂದ ಮಗುವಿಗಾಗಿ ಕ್ಯಾಲ್ಸಿಯಂ ಕರಗುವಾಗ ಹಳೆಯ ಸೀಸವೂ ಜೊತೆಗೆ ಹೊರಬಂದು ಮಗುವನ್ನು ತಲುಪುತ್ತದೆ. ಮುಟ್ಟು ನಿಂತ ವಯಸ್ಸಿನಲ್ಲಿ ಮೂಳೆ ಸವೆಯುವಾಗಲೂ ಹಾಗೆಯೇ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬೆಳೆದ ನಮ್ಮ ತಲೆಮಾರಿನವರ ಠೇವಣಿ ಖಾಲಿಯೂ ಅಲ್ಲ. ಇಂಡಿಯಾದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ದೇಶದಾದ್ಯಂತ ನಿಂತದ್ದು 2000ದಲ್ಲಿ. ಇಲ್ಲಿ ರಸ್ತೆಯ ಕಾರುಗಳಿಗೆ ಅದನ್ನು ಪೂರ್ತಿ ನಿಷೇಧಿಸಿದ್ದು 1996ರ ಜನವರಿಯಿಂದ. ಆ ಹೊಗೆ ಕುಡಿದೇ ನಾವು ಸ್ಕೂಲಿಗೆ ಹೋಗಿ ಬಂದವರು.

ತೊಂದರೆಯ ಲಕ್ಷಣಗಳಾದರೂ ಎಂಥವು? ತಲೆನೋವು, ಸುಸ್ತು, ಸಿಡುಕು, ನಿದ್ದೆಗೇಡು, ಕೀಲುನೋವು, ಹೊಟ್ಟೆನುಲಿತ, ಮಲಬದ್ಧತೆ. ಸಾಫ್ಟ್‌ವೇರ್ ಕೆಲಸ ಮಾಡುವ ಯಾರನ್ನು ಕೇಳಿದರೂ ಇವುಗಳಲ್ಲಿ ನಾಲ್ಕು ಇವೆ ಎನ್ನುತ್ತಾರೆ. ಆದ್ದರಿಂದಲೇ ಇದು ವೈದ್ಯರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಸದ್ದಿಲ್ಲದೆ ರಕ್ತದ ಒತ್ತಡ ಏರುತ್ತದೆ, ಮೂತ್ರಪಿಂಡ ಕುಂದುತ್ತದೆ, ರಕ್ತಹೀನತೆ ಬರುತ್ತದೆ, ಗಂಡಸರಲ್ಲಿ ವೀರ್ಯಾಣುಗಳು ಕ್ಷೀಣಿಸುತ್ತವೆ, ಹೆಂಗಸರಲ್ಲಿ ಗರ್ಭಪಾತದ ಭಯ ಹೆಚ್ಚುತ್ತದೆ. ಮಕ್ಕಳಲ್ಲಿ ಏಟು ಬೀಳುವುದು ಬೆಳೆಯುತ್ತಿರುವ ಮೆದುಳಿಗೆ: ಬುದ್ಧಿಶಕ್ತಿ, ಏಕಾಗ್ರತೆ, ನಡವಳಿಕೆ. ಇಷ್ಟು ಸೀಸ ಇದ್ದರೆ ಮಕ್ಕಳಿಗೆ ಏನೂ ಆಗುವುದಿಲ್ಲ ಎನ್ನಬಹುದಾದ ಮಟ್ಟವನ್ನು ಯಾರೂ ಕಂಡುಹಿಡಿದಿಲ್ಲ.

ಅಳೆಯುವುದು ಹೇಗೆ?

ಒಂದು ರೇಂಜಿನಲ್ಲಿ ತೊಂದರೆ ಇದೆಯೇ ಎಂದು ತಿಳಿಯಲು ಮೂರು ಅಳತೆಗಳು ಬೇಕು: ಗಾಳಿ, ಮೇಲ್ಮೈ, ರಕ್ತ.

ಗಾಳಿಯನ್ನು ಅಳೆಯುವ ವಿಧಾನ ಸರಳ. ಕೆಲಸಗಾರನ ಸೊಂಟಕ್ಕೆ ಒಂದು ಪುಟ್ಟ ಪಂಪ್ ಕಟ್ಟಿ, ಮೂಗಿಗೆ ಹತ್ತಿರವಾಗುವಂತೆ ಕಾಲರಿಗೆ ಒಂದು ಫಿಲ್ಟರ್ ಸಿಕ್ಕಿಸುತ್ತಾರೆ. ನಿಮಿಷಕ್ಕೆ 2 ಲೀಟರಿನಂತೆ 8 ಗಂಟೆ ಎಳೆದರೆ 960 ಲೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಘನ ಮೀಟರ್ ಗಾಳಿ ಫಿಲ್ಟರಿನ ಮೂಲಕ ಹಾಯುತ್ತದೆ. ಆಮೇಲೆ ಪ್ರಯೋಗಾಲಯದಲ್ಲಿ ಅದರ ಮೇಲಿನ ಸೀಸವನ್ನು ಅಳೆಯುತ್ತಾರೆ. ಅಷ್ಟು ಹೊತ್ತಿನಲ್ಲಿ ಕೆಲಸ ಮಾಡುವ ಮನುಷ್ಯ ಉಸಿರಾಡುವುದು ಸುಮಾರು 10 ಘನ ಮೀಟರ್ ಎಂಬುದನ್ನು ಇಲ್ಲಿ ನೆನಪಿಡಬೇಕು. ಫಿಲ್ಟರಿನಲ್ಲಿ ಸಿಕ್ಕಿದ್ದರ ಹತ್ತರಷ್ಟು ಅವನ ಮೂಗಿನೊಳಗೆ ಹೋಗಿದೆ.

ಫೆಡರಲ್ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ 1978ರಲ್ಲಿ ಮಾಡಿದ ನಿಯಮದ ಪ್ರಕಾರ ಘನ ಮೀಟರಿಗೆ 50 ಮೈಕ್ರೊಗ್ರಾಂ ಮಿತಿ, 30 ದಾಟಿದರೆ ಎಚ್ಚರಿಕೆಯ ಕ್ರಮಗಳು ಆರಂಭ. ಇದು 8 ಗಂಟೆಗಳ ಸರಾಸರಿ. ಇಲ್ಲೊಂದು ಸೂಕ್ಷ್ಮವಿದೆ. ಒಂದು ಗಂಟೆ ಹೊತ್ತು 400 ಮೈಕ್ರೊಗ್ರಾಂ ಇರುವ ಗಾಳಿ, ಉಳಿದ ಏಳು ಗಂಟೆ ಶುದ್ಧ ಗಾಳಿ ಸೇವಿಸಿದರೂ ಸರಾಸರಿ 50 ಆಗುತ್ತದೆ. ಕಾಗದದ ಮೇಲೆ ನಿಯಮ ಮುರಿಯಲಿಲ್ಲ, ಆದರೆ ಆ ಒಂದು ಗಂಟೆಯಲ್ಲಿ ಮೈಗೆ ಸೇರಬೇಕಾದ್ದು ಸೇರಿದೆ. ಆದ್ದರಿಂದ ಬೋಧಕ ಹೊಡೆತದ ಸಾಲಿನಲ್ಲಿ ನಿಂತಿರುವಾಗ, ಕೆಲಸದವನು ಕೊನೆಯ ಗೋಡೆಯ ಬಳಿ ಸ್ವಚ್ಛ ಮಾಡುವಾಗ, ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಎರಡನೆಯ ಅಳತೆ ಮೇಲ್ಮೈಯದು. ಹತ್ತು ಸೆಂಟಿಮೀಟರ್ ಚೌಕವನ್ನು ಒದ್ದೆ ಒರೆಸುವ ಕಾಗದದಿಂದ ಒರೆಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಗುಂಡು ಹಾರಿಸುವ ಜಾಗದಲ್ಲಿ ಸೀಸ ಸಿಕ್ಕಿದರೆ ಆಶ್ಚರ್ಯವಿಲ್ಲ. ಅದು ಊಟದ ಮೇಜಿನ ಮೇಲೆ, ಹಣ ಕಟ್ಟುವ ಕೌಂಟರಿನ ಮೇಲೆ, ಕೆಲಸಗಾರನ ಕಾರಿನ ಸ್ಟಿಯರಿಂಗ್ ಮೇಲೆ ಸಿಕ್ಕಿದರೆ ಧೂಳು ಎಷ್ಟು ದೂರ ಪ್ರಯಾಣ ಮಾಡಿದೆ ಎಂದು ತಿಳಿಯುತ್ತದೆ.

ಮೂರನೆಯದೇ ರಕ್ತ. ಬೆರಳು ಚುಚ್ಚಿ ತೆಗೆದ ಹನಿಯಲ್ಲಿ, ಬೆರಳಿನ ಮೇಲಿದ್ದ ಧೂಳೇ ಸೇರಿ ಅಂಕಿ ಏರುವುದುಂಟು. ಆದಕಾರಣ ತೋಳಿನ ನಾಳದಿಂದ ತೆಗೆದ ರಕ್ತದಲ್ಲೇ ಖಚಿತಪಡಿಸಿಕೊಳ್ಳಬೇಕು. ಫಲಿತಾಂಶವನ್ನು ಡೆಸಿಲೀಟರಿಗೆ ಇಷ್ಟು ಮೈಕ್ರೊಗ್ರಾಂ ಎಂದು ಹೇಳುತ್ತಾರೆ. ಮಕ್ಕಳ ವಿಷಯದಲ್ಲಿ ಸಿಡಿಸಿ ಸಂಸ್ಥೆ 1991ರಲ್ಲಿ 10ನ್ನು ಗಡಿಯಾಗಿಟ್ಟಿತ್ತು. 2012ರಲ್ಲಿ ಅದು 5ಕ್ಕೆ ಇಳಿಯಿತು, 2021ರಲ್ಲಿ 3.5ಕ್ಕೆ ಇಳಿಯಿತು. ಇದೇನೂ ಸುರಕ್ಷಿತ ಮಟ್ಟವಲ್ಲ, ಮೂಲ ಹುಡುಕಲು ಹೊರಡಬೇಕಾದ ಮಟ್ಟ.

ಈ ಅಂಕಿ ಎಷ್ಟು ಸಣ್ಣದು ಎಂದು ನೋಡೋಣ. ಎರಡು ವರ್ಷದ ಮಗುವಿನ ಮೈಯಲ್ಲಿ ಸುಮಾರು ಒಂದು ಲೀಟರ್ ರಕ್ತವಿರುತ್ತದೆ. ಡೆಸಿಲೀಟರಿಗೆ 3.5 ಎಂದರೆ ಇಡೀ ರಕ್ತದಲ್ಲಿ ಕೇವಲ 35 ಮೈಕ್ರೊಗ್ರಾಂ. ಒಂದು ಅಕ್ಕಿ ಕಾಳು ಸುಮಾರು 20,000 ಮೈಕ್ರೊಗ್ರಾಂ ತೂಗುತ್ತದೆ. ಆ ಒಂದು ಕಾಳನ್ನು ಐದಾರು ನೂರು ಚೂರು ಮಾಡಿದರೆ ಒಂದು ಚೂರಿನಷ್ಟು ಸೀಸ ಸಾಕು. ಅಪ್ಪನ ಬೂಟಿನ ತಳದಲ್ಲಿ, ಅಂಗಿಯ ಮಡಿಕೆಯಲ್ಲಿ ಅಷ್ಟು ಬಂದುಬಿಡುವುದು ಏನೂ ಕಷ್ಟವಲ್ಲ.

ಕಾನೂನು ಯಾರನ್ನು ಕಾಯುತ್ತದೆ?

ಓಷಾ ನಿಯಮ ಕಾಯುವುದು ಸಂಬಳ ಪಡೆಯುವ ನೌಕರರನ್ನು ಮಾತ್ರ. ಹಣ ಕೊಟ್ಟು ಗುಂಡು ಹೊಡೆಯಲು ಬರುವ ಗಿರಾಕಿ, ಕ್ಲಬ್ಬಿನಲ್ಲಿ ಉಚಿತವಾಗಿ ಕಲಿಸುವ ಸ್ವಯಂಸೇವಕ, ಅಪ್ಪನ ಜೊತೆ ಬಂದ ಮಗ, ಇವರು ಯಾರೂ ಅದರ ಲೆಕ್ಕಕ್ಕೆ ಬರುವುದಿಲ್ಲ. ನೌಕರರಿಗಾದರೂ ಆ ನಿಯಮ ಹಳೆಯದು. ಅದರ ಪ್ರಕಾರ ರಕ್ತದ ಮಟ್ಟ 60 ಮುಟ್ಟಿದಾಗ, ಅಥವಾ ಸರಾಸರಿ 50 ದಾಟಿದಾಗ ನೌಕರನನ್ನು ಸೀಸದ ಕೆಲಸದಿಂದ ಹೊರಗಿಡಬೇಕು. ಮಗುವಿಗೆ 3.5ಕ್ಕೇ ಗಂಟೆ ಬಾರಿಸುವ ಕಾಲದಲ್ಲಿ ಅಪ್ಪನಿಗೆ 60ರವರೆಗೆ ಕಾಯುವುದು ವಿಪರ್ಯಾಸವೇ ಸರಿ.

ಇದನ್ನು ಹೇಳುತ್ತಿರುವವರು ನಾವಷ್ಟೇ ಅಲ್ಲ. ಇಲ್ಲಿನ ರಕ್ಷಣಾ ಇಲಾಖೆಯ ಕೋರಿಕೆಯಂತೆ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಸೈನ್ಯದ ಫೈರಿಂಗ್ ರೇಂಜುಗಳ ಸಿಬ್ಬಂದಿಯ ಬಗ್ಗೆ ಅಧ್ಯಯನ ನಡೆಸಿತು. 2012ರ ಕೊನೆಯಲ್ಲಿ ಹೊರಬಂದ ಅದರ ವರದಿ, 40ಕ್ಕಿಂತ ಕಡಿಮೆ ಮಟ್ಟದಲ್ಲೂ ನರ, ಮೂತ್ರಪಿಂಡ, ಹೃದಯ, ಸಂತಾನಶಕ್ತಿ ಇವುಗಳ ಮೇಲೆ ಪರಿಣಾಮ ಆಗುತ್ತದೆ, ಓಷಾ ಮಿತಿ ಸಾಲದು ಎಂದು ತೀರ್ಮಾನಿಸಿತು. ಕ್ಯಾಲಿಫೋರ್ನಿಯಾ ರಾಜ್ಯ 2025ರ ಜನವರಿ 1ರಿಂದ ತನ್ನ ಗಾಳಿಯ ಮಿತಿಯನ್ನು 50ರಿಂದ 10ಕ್ಕೆ, ಎಚ್ಚರಿಕೆಯ ಮಟ್ಟವನ್ನು 30ರಿಂದ 2ಕ್ಕೆ ಇಳಿಸಿತು.

ಎಷ್ಟು ಜನರಿಗೆ ತೊಂದರೆಯಾಗಿದೆ ಎಂದರೆ, 2002ರಿಂದ 2012ರವರೆಗೆ 41 ರಾಜ್ಯಗಳಿಂದ ಬಂದ ಲೆಕ್ಕವನ್ನು ಸಿಡಿಸಿ 2014ರಲ್ಲಿ ಪ್ರಕಟಿಸಿತು. ಪೊಲೀಸ್ ಮತ್ತು ಮನರಂಜನಾ ಉದ್ಯಮಗಳಲ್ಲಿ, ಒಳಾಂಗಣ ರೇಂಜಿನ ಸಂಪರ್ಕ ಇದ್ದಿರಬಹುದಾದ 2,056 ನೌಕರರ ರಕ್ತದಲ್ಲಿ ಸೀಸ 10 ಅಥವಾ ಅದಕ್ಕಿಂತ ಹೆಚ್ಚಿತ್ತು. ಇವರಲ್ಲದೆ ಕೆಲಸಕ್ಕೆ ಸಂಬಂಧವಿಲ್ಲದೆ, ಗುರಿ ಅಭ್ಯಾಸದ ಹವ್ಯಾಸದಿಂದಲೇ ಏರಿರಬಹುದಾದವರು 2,673 ಮಂದಿ. ಇದು ಪರೀಕ್ಷೆ ಮಾಡಿಸಿಕೊಂಡವರ ಲೆಕ್ಕ ಮಾತ್ರ. ಹವ್ಯಾಸಿಗಳಿಗೆ ಪರೀಕ್ಷೆ ಮಾಡಿಸಿ ಎಂದು ಹೇಳುವ ಕಾನೂನೇ ಇಲ್ಲದಿರುವಾಗ, ಅವರ ಸಂಖ್ಯೆ ನೌಕರರ ಸಂಖ್ಯೆಯನ್ನೂ ಮೀರಿದ್ದನ್ನು ಗಮನಿಸಬೇಕು.

ತಡೆಯುವುದು ಹೇಗೆ?

ತಡೆಯ ಕ್ರಮಗಳಲ್ಲಿ ಮೊದಲ ಸ್ಥಾನ ಮೂಲವನ್ನೇ ಬದಲಿಸುವುದಕ್ಕೆ. ಸೀಸವಿಲ್ಲದ ಪ್ರೈಮರ್ ಮತ್ತು ಸೀಸವಿಲ್ಲದ ಗುಂಡು ಮಾರುಕಟ್ಟೆಯಲ್ಲಿವೆ. ಬೆಲೆ ಹೆಚ್ಚು ಎಂಬುದು ನಿಜ. ಅದು ಆಗದಿದ್ದರೆ ತಳವೂ ಸೇರಿ ಪೂರ್ತಿ ತಾಮ್ರ ಹೊದಿಸಿದ ಗುಂಡು ಬಳಸಿದರೂ ಹೊಗೆಯಲ್ಲಿನ ಸೀಸ ಎಷ್ಟೋ ತಗ್ಗುತ್ತದೆ.

ಎರಡನೆಯದು ಗಾಳಿಯ ವ್ಯವಸ್ಥೆ. ರೇಂಜಿನ ಜೀವಾಳವೇ ಇದು. ಗಾಳಿ ಹೊಡೆಯುವವನ ಬೆನ್ನ ಹಿಂದಿನ ಗೋಡೆಯಿಂದ ಹೊರಟು, ಎಲ್ಲ ಕಡೆ ಒಂದೇ ಸಮನಾಗಿ, ಸುಳಿ ಏಳದಂತೆ ಮುಂದೆ ಸಾಗಿ, ಹೊಗೆಯನ್ನು ಅವನ ಮುಖದಿಂದ ಆಚೆ ತಳ್ಳಿಕೊಂಡು ಕೊನೆಯ ಗೋಡೆಯ ಕಡೆ ಹೋಗಬೇಕು. ತುಂಬಿದ ಹೊಳೆಯಂತೆ ಒಂದೇ ದಿಕ್ಕಿನ ಹರಿವು. ಕೆಲಸದ ಸ್ಥಳದ ಆರೋಗ್ಯವನ್ನು ಸಂಶೋಧಿಸುವ ಫೆಡರಲ್ ಸಂಸ್ಥೆ ನಯಾಷ್ ಹೊಡೆತದ ಸಾಲಿನಲ್ಲಿ ನಿಮಿಷಕ್ಕೆ 75 ಅಡಿ ವೇಗವನ್ನು ಶಿಫಾರಸು ಮಾಡಿದೆ, 50ಕ್ಕಿಂತ ಕಡಿಮೆ ಆಗಕೂಡದು. ಒಳಗೆ ಬರುವ ಗಾಳಿಗಿಂತ ಹೊರಗೆ ಎಳೆಯುವ ಗಾಳಿ ಸ್ವಲ್ಪ ಹೆಚ್ಚಿರಬೇಕು, ಆಗ ಧೂಳು ಪಕ್ಕದ ಅಂಗಡಿಗೆ, ಆಫೀಸಿಗೆ ನುಗ್ಗುವುದಿಲ್ಲ. ಹೊರಬಿಡುವ ಮುನ್ನ ಹೆಪಾ ಫಿಲ್ಟರಿನಲ್ಲಿ ಸೋಸಬೇಕು.

ಇದರ ಖರ್ಚನ್ನೂ ಅರ್ಥ ಮಾಡಿಕೊಳ್ಳಬೇಕು. 40 ಅಡಿ ಅಗಲ, 10 ಅಡಿ ಎತ್ತರದ ರೇಂಜ್ ಎಂದರೆ 400 ಚದರ ಅಡಿ. 75ರ ವೇಗದಲ್ಲಿ ನಿಮಿಷಕ್ಕೆ 30,000 ಘನ ಅಡಿ ಗಾಳಿ ಬೇಕು. ನಮ್ಮಲ್ಲಿ ಅನೇಕರ 2,000 ಚದರ ಅಡಿಯ ಮನೆಯಲ್ಲಿ, 8 ಅಡಿ ಎತ್ತರ ಎಂದರೂ, ಇರುವುದು 16,000 ಘನ ಅಡಿ ಗಾಳಿ. ಅಂದರೆ ಹತ್ತಿರ ಹತ್ತಿರ ಎರಡು ಮನೆ ತುಂಬುವಷ್ಟು ಗಾಳಿಯನ್ನು ಪ್ರತಿ ನಿಮಿಷವೂ ಬದಲಿಸಬೇಕು. ಮಿಷಿಗನ್, ಮಿನೆಸೋಟದಂಥ ಕಡೆ ಜನವರಿಯಲ್ಲಿ ಆ ಗಾಳಿಯನ್ನೆಲ್ಲ ಬಿಸಿ ಮಾಡುವ ಬಿಲ್ಲು ಎಷ್ಟು ಬರುತ್ತದೆ ಎಂದು ತಾವೇ ಊಹಿಸಬಹುದು. ಫ್ಯಾನಿನ ವೇಗ ಇಳಿಸುವ, ಫಿಲ್ಟರ್ ಬದಲಿಸುವುದನ್ನು ಮುಂದೂಡುವ ಆಸೆ ಹುಟ್ಟುವುದು ಇಲ್ಲೇ. ಆದ್ದರಿಂದ ಫ್ಯಾನ್ ಇದೆಯೇ ಎಂಬ ಪ್ರಶ್ನೆಗಿಂತ, ಇವತ್ತು ಅದು ಸರಿಯಾಗಿ ಓಡುತ್ತಿದೆಯೇ ಎಂಬ ಪ್ರಶ್ನೆ ಮುಖ್ಯ. ಹೊಡೆತದ ಸಾಲಿನಲ್ಲಿ ಪರೀಕ್ಷೆಯ ಹೊಗೆ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಹೊಗೆ ನೇರ ಮುಂದೆ ಹೋದರೆ ಸರಿ. ಸುತ್ತಿ ಸುತ್ತಿ ಮುಖಕ್ಕೆ ಬಂದರೆ, ಎಷ್ಟು ದೊಡ್ಡ ಫ್ಯಾನ್ ಇದ್ದರೂ ವ್ಯರ್ಥ.

ಮೂರನೆಯದು ಸ್ವಚ್ಛತೆ. ಪೊರಕೆ, ಎಲೆ ಹಾರಿಸುವ ಬ್ಲೋವರ್, ಮನೆಯ ಸಾಮಾನ್ಯ ವ್ಯಾಕ್ಯೂಮ್ ಈ ಮೂರೂ ನಿಷಿದ್ಧ. ಒದ್ದೆ ಮಾಡಿ ಒರೆಸಬೇಕು, ಇಲ್ಲವೇ ಹೆಪಾ ಫಿಲ್ಟರಿನ ವಿಶೇಷ ವ್ಯಾಕ್ಯೂಮ್ ಬಳಸಬೇಕು. ನೆಲದ ಮೇಲೆ ಉರಿಯದೆ ಉಳಿದ ಮದ್ದು ಇರುವುದರಿಂದ, ಆ ಯಂತ್ರವೂ ಕಿಡಿ ಹಾರಿಸದಂಥದಾಗಿರಬೇಕು. ನೆಲಕ್ಕೆ ಕಾರ್ಪೆಟ್ ಹಾಸಲೇಬಾರದು. ಸ್ವಚ್ಛ ಮಾಡುವವರಿಗೆ ಬಟ್ಟೆಯ ಮುಖವಾಡ ಸಾಲದು, ಅಳತೆಗೆ ಸರಿಹೊಂದಿಸಿದ ರೆಸ್ಪಿರೇಟರ್, ಬೇರೆ ಉಡುಪು, ಸ್ನಾನದ ವ್ಯವಸ್ಥೆ ಬೇಕು. ರೇಂಜಿನಲ್ಲಿ ಅತಿ ಹೆಚ್ಚು ಸೀಸ ಕುಡಿಯುವವನು ಗುಂಡು ಹೊಡೆಯುವ ಶ್ರೀಮಂತನಲ್ಲ, ಕಡಿಮೆ ಸಂಬಳಕ್ಕೆ ಆ ನೆಲ ಗುಡಿಸುವವನು ಎಂಬುದನ್ನು ಮರೆಯಬಾರದು.

ಮನೆಯ ಬಾಗಿಲಿನಲ್ಲಿ

ಮೇಲಿನದೆಲ್ಲ ಮಾಲೀಕರ ಕೆಲಸ. ಇನ್ನು ನಮ್ಮ ನಮ್ಮ ಕೈಯಲ್ಲಿರುವುದನ್ನು ಹೇಳುತ್ತೇವೆ. ಇದರಲ್ಲಿ ಹೊಸದೇನಿಲ್ಲ. ಹೊರಗಿನಿಂದ ಬಂದವರು ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು ಒಳಗೆ ಬರಬೇಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದೇ ಶಾಸ್ತ್ರ.

ರೇಂಜಿನೊಳಗೆ ಏನನ್ನೂ ತಿನ್ನಬಾರದು, ಕುಡಿಯಬಾರದು, ಸೇದಬಾರದು. ಮುಗಿದ ಕೂಡಲೇ ಕೈ, ಮುಖ ಸೋಪು ಹಚ್ಚಿ ತೊಳೆಯಬೇಕು. ಸೀಸ ತೆಗೆಯಲೆಂದೇ ಮಾಡಿದ ಸೋಪು, ಒರೆಸುವ ಕಾಗದ ಸಿಗುತ್ತವೆ. ಕೈ ಶುದ್ಧಗೊಳಿಸುವ ಸ್ಯಾನಿಟೈಜರ್ ಕ್ರಿಮಿಯನ್ನು ಕೊಲ್ಲಬಹುದು, ಸೀಸವನ್ನು ತೆಗೆಯುವುದಿಲ್ಲ. ಖಾಲಿ ತೋಟಾಗಳನ್ನು ಟೋಪಿಯಲ್ಲಿ ತುಂಬಿ ಅದೇ ಟೋಪಿ ತಲೆಗೆ ಹಾಕಿಕೊಳ್ಳಬಾರದು, ಮಕ್ಕಳಿಗೆ ಆಟಕ್ಕೆ ಕೊಡಲೇಬಾರದು. ಬೂಟನ್ನು ಗರಾಜಿನಲ್ಲೇ ಬಿಡಬೇಕು. ಆ ಬಟ್ಟೆಯನ್ನು ಕೊಡವದೆ, ಮನೆಯವರ ಬಟ್ಟೆಯ ಜೊತೆ ಸೇರಿಸದೆ, ಬೇರೆಯಾಗಿ ಒಗೆಯಬೇಕು. ಸ್ನಾನವಾಗುವ ತನಕ ಮಗುವನ್ನು ಎತ್ತಿಕೊಳ್ಳಬಾರದು. ಓಡಿ ಬಂದು ಕಾಲಿಗೆ ತೆಕ್ಕೆಬೀಳುವ ಮಗುವನ್ನು ತಡೆಯುವುದು ಕಷ್ಟ, ಆದರೂ ಹತ್ತು ನಿಮಿಷದ ಮಾತು.

ಮನೆಯ ಬೇಸ್‌ಮೆಂಟಿನಲ್ಲಿ ಕೋವಿ ಬಿಚ್ಚಿ ಸ್ವಚ್ಛ ಮಾಡುವುದು, ಸೀಸ ಕರಗಿಸಿ ಗುಂಡು ಎರೆಯುವುದು, ಇವನ್ನು ಮಕ್ಕಳಿರುವ ಮನೆಯಲ್ಲಿ ಮಾಡಕೂಡದು. ಬಸುರಿಯರು, ಬಸುರಿಯಾಗಬೇಕೆಂದಿರುವವರು ಒಳಾಂಗಣ ರೇಂಜಿನಿಂದ ದೂರ ಇರುವುದೇ ಒಳ್ಳೆಯದು. ಪದೇ ಪದೇ ಹೋಗುವವರು ತಮ್ಮ ವೈದ್ಯರಿಗೆ ಆ ಸಂಗತಿ ತಿಳಿಸಿ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಬೇಕು. ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದರೆ ಅವರಿಗೂ ಮಾಡಿಸಬೇಕು. ಅಂಕಿ ಏರಿದ್ದರೆ ಮೊದಲ ಮದ್ದು ಎಂದರೆ ರೇಂಜಿನಿಂದ ದೂರವಿರುವುದು. ಸೀಸವನ್ನು ಸೆಳೆದು ತೆಗೆಯುವ ಔಷಧಿಗಳಿವೆ. ಅವು ಬಹಳ ಏರಿದಾಗ, ಮಕ್ಕಳಲ್ಲಿ ಸಾಮಾನ್ಯವಾಗಿ 45 ದಾಟಿದಾಗ, ತಜ್ಞರ ಕಣ್ಣೆದುರು ಕೊಡುವಂಥವು. ಔಷಧಿ ನುಂಗುತ್ತಾ ಅದೇ ಗಾಳಿಗೆ ಮರಳುವುದು ತೂತು ಕೊಡಕ್ಕೆ ನೀರು ತುಂಬಿದಂತೆ.

ನಮ್ಮವರಲ್ಲಿ ಅಂಕಿ ಏರಿದಾಗ ವೈದ್ಯರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ರೇಂಜಲ್ಲದೆ ಮನೆಯಲ್ಲಿ ಬೇರೆ ಮೂಲವಿದೆಯೇ? ಊರಿನಿಂದ ತಂದ, ಹೆಸರಿಲ್ಲದ ಪೊಟ್ಟಣದ ಅರಿಶಿನ, ಸಿಂಧೂರ, ರಸೌಷಧಿ, ಸೀಸ ಬೆರೆತ ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆ, ಇವೆಲ್ಲ ಸಂಶಯಾರ್ಹ. ಬಾಸ್ಟನ್ ಸುತ್ತಮುತ್ತ ಮಾರಾಟವಾಗುತ್ತಿದ್ದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 13ರಲ್ಲಿ ಸೀಸ ಸಿಕ್ಕಿದ್ದು 2004ರಲ್ಲಿ ಪ್ರಕಟವಾಯಿತು. ಇಂಥವನ್ನು ಬಳಸುತ್ತಿದ್ದರೆ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಎರಡು ತೊರೆ ಸೇರಿದರೆ ಹೊಳೆ ದೊಡ್ಡದಾಗುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಕೊನೆಯದಾಗಿ, ತಮ್ಮ ಮಗನನ್ನೋ ಮಗಳನ್ನೋ ಒಂದು ರೇಂಜಿಗೆ ಕಳಿಸುವ ಮೊದಲು ಒಮ್ಮೆ ತಾವೇ ಹೋಗಿ ನೋಡಿ. ಹೊಡೆತದ ಸಾಲಿನಲ್ಲಿ ನಿಂತರೆ ಗಾಳಿ ಕುತ್ತಿಗೆಯ ಹಿಂಭಾಗಕ್ಕೆ ತಾಗುತ್ತದೆಯೇ? ಹೊಗೆ ಮುಂದಕ್ಕೆ ಹೋಗುತ್ತದೆಯೇ, ಅಲ್ಲೇ ತೇಲುತ್ತದೆಯೇ? ನಾಲಗೆಗೆ ಲೋಹದ ರುಚಿ ಬರುತ್ತದೆಯೇ? ಮೂಲೆಯಲ್ಲಿ ಪೊರಕೆ ಒರಗಿಸಿದೆಯೇ? ಕೈ ತೊಳೆಯಲು ನೀರು, ಸೋಪು ಹತ್ತಿರದಲ್ಲಿವೆಯೇ? ತಿಂಡಿಯ ಯಂತ್ರ ಎಲ್ಲಿದೆ? ಗಾಳಿಯ ಹರಿವನ್ನು ಕಡೆಯ ಸಲ ಯಾವಾಗ ಪರೀಕ್ಷಿಸಿದಿರಿ, ಫಿಲ್ಟರನ್ನು ಯಾವಾಗ ಬದಲಿಸಿದಿರಿ, ನಿಮ್ಮ ನೌಕರರ ರಕ್ತ ಪರೀಕ್ಷೆ ಮಾಡಿಸುತ್ತೀರಾ ಎಂದು ಮಾಲೀಕರನ್ನು ಕೇಳಿ. ಒಳ್ಳೆಯ ರೇಂಜಿನವರು ಸಂತೋಷದಿಂದ ಕಾಗದ ತೆಗೆದು ತೋರಿಸುತ್ತಾರೆ. ಮುಖ ಗಂಟಿಕ್ಕಿದರೆ, ಆ ಗಂಟೇ ತಮಗೆ ಉತ್ತರ.

ಕೇಳಲು ಸಂಕೋಚ ಬೇಡ. ಹೊಸ ದೇಶದಲ್ಲಿ ಯಾಕೆ ತಂಟೆ ಎಂದು ಸುಮ್ಮನಿರುವುದು ನಮ್ಮವರ ಸ್ವಭಾವ. ಆದರೆ ಗಿರಾಕಿಯನ್ನು ಕಾಯುವ ಕಾನೂನು ಇಲ್ಲದ ಕಡೆ ಗಿರಾಕಿಯ ಪ್ರಶ್ನೆಯೇ ಕಾನೂನು. ಹತ್ತು ಜನ ತಂದೆತಾಯಿಯರು ಕೇಳಿದರೆ ಫ್ಯಾನಿನ ವೇಗ ತಾನಾಗಿ ಏರುತ್ತದೆ. ಅದರ ಪ್ರಯೋಜನ ನಮ್ಮ ಮಕ್ಕಳಿಗೆ ಮಾತ್ರವಲ್ಲ, ಅಲ್ಲಿ ನೆಲ ಒರೆಸುವವನಿಗೆ, ಅವನ ಮನೆಯಲ್ಲಿ ಅಂಬೆಗಾಲಿಡುವ ಮಗುವಿಗೂ ಸಿಗುತ್ತದೆ.

ಇನ್ನು ಊಟಕ್ಕೆ ಏಳಬಹುದು. ಮೊದಲು ಎಲ್ಲರೂ ಕೈ ತೊಳೆದುಕೊಳ್ಳೋಣ.